ಕೇಟರಿಂಗ್ ಲೆಕ್ಕಕ್ಕೆ ಸಾಫ್ಟ್‌ವೇರ್: ಕೊಳ್ಳುವ ಮುನ್ನ

ಬೇಲಾಪುರದ ಆಫೀಸು ಕ್ಯಾಂಟೀನು, ಮದುವೆ, ಮುಂಜಿಗಳ ಕಾಂಟ್ರ್ಯಾಕ್ಟ್ ಹಿಡಿಯುವ ನಮ್ಮಲ್ಲಿ ಹಲವರ ಆರ್ಡರು ಡೈರಿಯಲ್ಲಿ, ಬಾಕಿ ತಲೆಯಲ್ಲಿ. ಬಿಲ್ಲು, ಸ್ಟಾಕು, ಸಂಬಳ ಎಲ್ಲವೂ ಒಂದರಲ್ಲೇ ಎನ್ನುವ ಸಾಫ್ಟ್‌ವೇರ್ ಮಾರಲು ಬಂದಾಗ ಒಂದು ಮಾತು ನೆನಪಿಡೋಣ: ಹೋಟೇಲಿನ ಲೆಕ್ಕ ಬೇರೆ, ಕೇಟರಿಂಗ್ ಲೆಕ್ಕ ಬೇರೆ.

ಹೋಟೇಲಿನಲ್ಲಿ ಗಿರಾಕಿ ತಿಂದು, ಹಣ ಕೊಟ್ಟು ಹೋಗುತ್ತಾನೆ. ಕೇಟರಿಂಗ್‌ನಲ್ಲಿ ಅಡ್ವಾನ್ಸ್ ಮೊದಲೇ ಬರುತ್ತದೆ. 300 ಎಲೆಗೆ ಮಾತಾಗಿ 340 ಎಲೆ ಹಾಕಬೇಕಾಗುತ್ತದೆ. ಬಾಡಿಗೆ ಪಾತ್ರೆ ಮರಳಬೇಕು. ಬಡಿಸುವವರಿಗೆ ದಿನಗೂಲಿ ಕೊಡಬೇಕು. ಆದ್ದರಿಂದ ಡೆಮೊದಲ್ಲಿ ಕಂಪನಿಯವರ ಉದಾಹರಣೆ ಬೇಡ. ಕಳೆದ ತಿಂಗಳ ನಮ್ಮದೇ ಒಂದು ಆರ್ಡರನ್ನು ಮೊದಲಿಂದ ಕೊನೆವರೆಗೆ ಹಾಕಿಸಿ ನೋಡೋಣ. ಹೆಚ್ಚಿನ 40 ಎಲೆ ಬಿಲ್ಲಿಗೆ ಬಾರದಿದ್ದರೆ ಲಾಭವೇ ಹೋಯಿತು.

2022ರ ಜನವರಿ 1ರಿಂದ ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಕಡ್ಡಾಯ. ಅದು ತಾನಾಗಿ ಅಚ್ಚಾಗುತ್ತದೆಯೇ, ನೋಡಿ.

ಎಲ್ಲಕ್ಕಿಂತ ಮುಖ್ಯ: ವರ್ಷದ ಶುಲ್ಕ ನಿಲ್ಲಿಸಿದರೆ ನಮ್ಮ ಲೆಕ್ಕ ಎಕ್ಸೆಲ್‌ನಲ್ಲಿ ನಮ್ಮ ಕೈಗೆ ಸಿಗುವುದೇ? ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಸಾಫ್ಟ್‌ವೇರ್ ಬಿಟ್ಟರೂ ಹೊಣೆ ನಮ್ಮದೇ. ಈ ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಚೆಕ್ ಬರೆಯೋಣ.