ಬಂಡೆ ಹತ್ತಿ ಬೆಂಗಳೂರು ನೋಡಿ

ಬೆಂಗಳೂರು ನೋಡಬೇಕೆಂದು ಬರುವ ನೆಂಟರನ್ನು ನಾನು ಮೊದಲು ಕರೆದೊಯ್ಯುವುದು ಲಾಲ್‌ಬಾಗಿನ ಬಂಡೆಗೆ. ಗಾಜಿನ ಮನೆ ಆಮೇಲೆ. ಬೆಳಿಗ್ಗೆ ಆರೂವರೆಗೆ ಕಲ್ಲು ಇನ್ನೂ ತಣ್ಣಗಿರುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದರೆ ಅಂಗಾಲಿಗೇ ಗೊತ್ತಾಗುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುವ ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ನೆತ್ತಿಯಲ್ಲಿ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರ, ತಪ್ಪಲಿನಾಚೆ ಕೆರೆ.

ಅಲ್ಲಿ ನಿಂತರೆ ಊರಿನ ಮರ್ಮ ತಿಳಿಯುತ್ತದೆ. ಬೆಂಗಳೂರು ದೊಡ್ಡ ಹೊಳೆಯ ದಂಡೆಯಲ್ಲಿ ಹುಟ್ಟಿದ ಊರಲ್ಲ. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಹೀಗೆ ಜಾರಿಹೋಗುವ ನೀರಿಗೆ ಹಿರಿಯರು ಏರಿ ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತಿತ್ತು. ಕೆರೆ ಇದ್ದದ್ದರಿಂದ ತೋಟ ಬಂತು. ಈ ಊರಿನ ಉದ್ಯಾನ, ಕೆರೆ, ಕಟ್ಟಡಗಳನ್ನು ಬೇರೆ ಬೇರೆಯಾಗಿ ನೋಡಿದವರು ಅರ್ಧ ಮಾತ್ರ ನೋಡಿದಂತೆ.

ಲಾಲ್‌ಬಾಗನ್ನು ಹೈದರಾಲಿ ಆರಂಭಿಸಿದ್ದು 1760ರಲ್ಲಿ. ಈಗ ಅದರ ವಿಸ್ತಾರ 240 ಎಕರೆ. 1889ರ ಗಾಜಿನ ಮನೆ ಆಗ ತೋಟದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರ ಕಾಲದ್ದು. ನಮ್ಮ ಅಡುಗೆಮನೆಯ ಸೀಮೆಬದನೆಕಾಯಿಯನ್ನು ಇಲ್ಲಿಗೆ ತಂದವರೂ ಅವರೇ ಎನ್ನುತ್ತಾರೆ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ, ಸಂತೋಷ. ಆದರೆ ತೋಟ ನೋಡಬೇಕೆಂದರೆ ಪ್ರದರ್ಶನ ಇಲ್ಲದ ದಿನವೇ ಬರಬೇಕು.

ಕ್ಯಾಮರಾನ್ ನಂತರ, 1908ರಲ್ಲಿ ಬಂದವರು ಜರ್ಮನಿಯ ಗುಸ್ತಾವ್ ಕ್ರುಂಬಿಗಲ್. ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕು ಎಂಬುದು ಅವರ ಹಟ. ಒಂದು ಜಾತಿ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದರು. ಇಂದಿಗೂ ಟಬೂಬಿಯಾದ ಗುಲಾಬಿ ಬಣ್ಣ ಮುಗಿಯುತ್ತಿದ್ದಂತೆ ಜಕರಂಡದ ನೇರಳೆ, ಅದರ ಬೆನ್ನಿಗೇ ಏಪ್ರಿಲ್-ಮೇ ತಿಂಗಳಲ್ಲಿ ಗುಲ್‌ಮೊಹರ್. ನೂರು ವರ್ಷದ ಮೇಲೂ ದಾರಿಹೋಕರಿಗೆ ಹೂ ಕೊಡುತ್ತಿರುವ ಯೋಜನೆ ಅದು. ಯಾವ ಸೌಧಕ್ಕೂ ಕಡಿಮೆಯಲ್ಲ. ಕೆಆರ್‌ಎಸ್‌ನ ಬೃಂದಾವನವೂ ಅವರ ವಿನ್ಯಾಸವೇ. ಅವರು ತೀರಿಕೊಂಡದ್ದು 1956ರಲ್ಲಿ, ಇದೇ ಊರಿನಲ್ಲಿ.

ಅದೇ ವರ್ಷ ವಿಧಾನಸೌಧ ಮುಗಿಯಿತು. ಕೆಂಗಲ್ ಹನುಮಂತಯ್ಯನವರು ಅದನ್ನು ಕಟ್ಟಿಸಿದ್ದು ನಮ್ಮ ನೆಲದ ಕಲ್ಲಿನಲ್ಲೇ. ಬೆಂಗಳೂರು ಸುತ್ತಲಿನ ಗ್ರಾನೈಟ್, ಜೊತೆಗೆ ಮಾಗಡಿಯ ನಸುಗೆಂಪು, ತುರುವೇಕೆರೆಯ ಕಪ್ಪು ಹಸಿರು ಶಿಲೆ. ಕೆತ್ತಿದವರಲ್ಲಿ ಕೈದಿಗಳೂ ಇದ್ದರು. ಬೆಳಿಗ್ಗೆ ಬಂಡೆ ಹತ್ತಿ ಬಂದವರಿಗೆ ಈ ಕಂಬಗಳು ಅಪರಿಚಿತ ಎನಿಸುವುದಿಲ್ಲ. ಎದುರಿಗೆ 1868ರ ಕೆಂಪು ಅಠಾರಾ ಕಚೇರಿ, ಇಂದಿನ ಹೈಕೋರ್ಟ್. 18 ಇಲಾಖೆಗಳಿದ್ದದ್ದರಿಂದ ಆ ಹೆಸರು. 1980ರ ದಶಕದಲ್ಲಿ ಕೆಡವುವ ಮಾತು ಬಂದಾಗ ಜನ ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಸುಮ್ಮನಿದ್ದಿದ್ದರೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಇಂದು ಆ ಕೆಂಪು ಕಾಣುತ್ತಿರಲಿಲ್ಲ.

ಕೆರೆಗಳಿಗೆ ಆ ಅದೃಷ್ಟ ಇರಲಿಲ್ಲ. ಹಲಸೂರು ಕೆರೆ ಉಳಿದಿದೆ, 1882ರ ಸ್ಯಾಂಕಿ ಕೆರೆ ಉಳಿದಿದೆ. ಸಂಜೆ ಹೋಗಿ, ಗಾಳಿ ಚೆನ್ನಾಗಿರುತ್ತದೆ. ಆದರೆ ನೀವು ಬಸ್ಸಿಳಿದ ಮೆಜೆಸ್ಟಿಕ್ ಧರ್ಮಾಂಬುಧಿ ಕೆರೆಯ ಅಂಗಳ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ. ಜೋರು ಮಳೆಯಲ್ಲಿ ತಗ್ಗಿನ ರಸ್ತೆಗಳಿಗೆ ನೀರು ನುಗ್ಗಿದಾಗ ನಾವು ಮಳೆಯನ್ನು ದೂರುತ್ತೇವೆ. ನೀರು ಹಳೆಯ ದಾರಿ ಮರೆತಿಲ್ಲ, ನಾವು ಮರೆತಿದ್ದೇವೆ.

ಹಾಗಾಗಿ ನೆಂಟರಿಗೆ ನಾನು ಕಡೆಯಲ್ಲಿ ತೋರಿಸುವುದು ಕಂಠೀರವ ಕ್ರೀಡಾಂಗಣದ ಪಕ್ಕದ ಚಿಕ್ಕ ಕೊಳ. ಸಂಪಂಗಿ ಕೆರೆಯಲ್ಲಿ ಉಳಿದದ್ದು ಅಷ್ಟೇ. ಹೂವು, ತರಕಾರಿ ಬೆಳೆಯುವುದರಲ್ಲಿ ಪಳಗಿದ ತಿಗಳರು ಚೈತ್ರದ ಕರಗದ ಹೊತ್ತಿಗೆ ಧರ್ಮರಾಯನ ಗುಡಿಯಿಂದ ಇಲ್ಲಿಗೆ ಬರುತ್ತಾರೆ. ಹಸಿ ಕರಗದ ಪೂಜೆ ಈಗಲೂ ನಡೆಯುವುದು ಇಲ್ಲೇ.