ಒಂದೇ ಕಾಲಿನ ಸವಾರಿ

ನಾವು ಬಲ್ಲ ಹೋಟೆಲೊಂದರಲ್ಲಿ ಗಲ್ಲಾದ ಪಕ್ಕ ಕುಳಿತು ಕೂಪನ್ ಹರಿದುಕೊಡುವ ತರುಣನೊಬ್ಬನಿದ್ದಾನೆ. ಬಾಲ್ಯದಲ್ಲಿ ಲಾರಿಗೆ ಸಿಕ್ಕಿ ಬಲಗಾಲನ್ನು ಕಳೆದುಕೊಂಡವನು. ಸೈಕಲ್ಲಿನ ಕ್ಯಾರಿಯರಿನ ಮೇಲಲ್ಲದೆ ಸೀಟಿನ ಮೇಲೆ ಎಂದೂ ಕುಳಿತವನಲ್ಲ. ಇದೇ ಹೈದರಾಬಾದಿನಲ್ಲಿ ತರಬೇತಿ ಪಡೆದ ಅಂಗವಿಕಲರಿಬ್ಬರು ಪ್ಯಾರಿಸ್ಸಿಗೆ ಹೋಗಿ ಸೈಕಲ್ ಪಂದ್ಯದಲ್ಲಿ ಸ್ಪರ್ಧಿಸಿದರೆಂದು ನಾವು ಹೇಳಿದಾಗ ಆತನು ಕೇಳಿದ ಪ್ರಶ್ನೆ ಒಂದೇ: “ಒಂದು ಕಾಲಿನಿಂದ ತುಳಿದರೆ, ಕೆಳಗೆ ಹೋದ ಪೆಡಲು ಮೇಲೆ ಬರುವುದು ಹೇಗೆ ಸ್ವಾಮಿ?”

ಪ್ರಶ್ನೆ ಯುಕ್ತವಾದುದೇ. ಸ್ಪರ್ಧಿಯ ಬೂಟಿನ ಅಡಿಯಲ್ಲಿ ಒಂದು ಕೊಂಡಿಯುಂಟು. ಅದು ಪೆಡಲನ್ನು ಕಚ್ಚಿ ಹಿಡಿಯುತ್ತದೆ. ಹೀಗಾಗಿ ಇರುವ ಒಂದು ಕಾಲು ಪೆಡಲನ್ನು ತುಳಿಯುವುದಲ್ಲದೆ ಮೇಲಕ್ಕೂ ಸೆಳೆಯುತ್ತದೆ. ತೊಡೆಗೆ ದುಪ್ಪಟ್ಟು ಶ್ರಮವೇ ಸರಿ. ಕೃತಕ ಕಾಲು ಜೋಡಿಸಿಕೊಂಡು ಎರಡು ಪೆಡಲನ್ನೂ ತುಳಿಯುವವರೂ ಇದ್ದಾರೆ. ಕಾಲುಗಳೆರಡೂ ಆಡದವರಿಗೆ ಕೈಯಿಂದ ತಿರುಗಿಸುವ ಗಾಡಿ, ಸಮತೋಲ ನಿಲ್ಲದವರಿಗೆ ಮೂರು ಚಕ್ರದ್ದು. ಕಣ್ಣು ಕಾಣದವರಿಗೆ ಇಬ್ಬರು ತುಳಿಯುವ ಜೋಡಿ ಸೈಕಲ್ಲು, ಮುಂದೆ ಕಣ್ಣುಳ್ಳವನು ಕುಳಿತು ದಾರಿ ನೋಡುತ್ತಾನೆ. ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ 1984ರಿಂದಲೂ ಸೈಕಲ್ಲಿಗೆ ಸ್ಥಾನವಿದೆ.

ಭಾರತದಿಂದ ಮಾತ್ರ 2024ರವರೆಗೆ ಆ ಪಂದ್ಯಕ್ಕೆ ಯಾರೂ ಹೋಗಿರಲಿಲ್ಲ. ಆ ವರ್ಷ ಆಂಧ್ರದ ಅರ್ಷದ್ ಶೇಖ್ ಮತ್ತು ಮಹಾರಾಷ್ಟ್ರದ ಜ್ಯೋತಿ ಗಡೇರಿಯಾ ಹೋದರು. ಪದಕ ದೊರೆಯಲಿಲ್ಲ. ಇವರನ್ನು ಸಿದ್ಧಗೊಳಿಸಿದುದು ಇಲ್ಲಿಯ ಆದಿತ್ಯ ಮೆಹ್ತಾ ಪ್ರತಿಷ್ಠಾನ. ಮೆಹ್ತಾ ಅವರೂ ರಸ್ತೆಯ ಅಪಘಾತದಲ್ಲಿ ಕಾಲು ಕಳೆದುಕೊಂಡವರೇ. 2013ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗಳಿಸಿದರು. ಗಾಯಗೊಂಡು ಅಂಗಹೀನರಾದ ಗಡಿ ಭದ್ರತಾ ಪಡೆಯ ಯೋಧರಿಗೂ ಈ ಸಂಸ್ಥೆ ತರಬೇತಿ ನೀಡಿದೆ. 2020ರಲ್ಲಿ ಇದರ ತಂಡ ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೊರಟಾಗ ಒಂದೇ ಕಾಲಿನ ತಾನ್ಯಾ ಡಾಗಾ ಎಂಬ ತರುಣಿಯೂ ಅದರಲ್ಲಿದ್ದರು.

ಸರಕಾರವು 1981ರಲ್ಲಿ ಆರಂಭವಾದ ಯೋಜನೆಯೊಂದರ ಮೂಲಕ ಅಂಗವಿಕಲರಿಗೆ ತ್ರಿಚಕ್ರಗಳನ್ನು ಕೊಡುತ್ತ ಬಂದಿದೆ. ಆ ಉಪಕಾರವನ್ನು ನಾವು ಅಲ್ಲಗಳೆಯೆವು. ಆದರೆ ಹಾರ, ಭಾಷಣ, ಛಾಯಾಚಿತ್ರಗಳೆಲ್ಲ ಮುಗಿದು ಮನೆಗೆ ಬಂದ ಗಾಡಿಯ ಚೈನು ಹರಿದ ದಿನ ರಿಪೇರಿಗೆ ಎಲ್ಲಿಗೆ ಒಯ್ಯಬೇಕು? ಎಷ್ಟು ದೂರ ಹೋಗಬಲ್ಲೆಯೆಂದು ಸವಾರನನ್ನು ಕೇಳುವವರು ಯಾರು? ತರಬೇತಿಯ ಕೇಂದ್ರದಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ. ನಮ್ಮ ಹೋಟೆಲುಗಳ ಹಿಂಬದಿಯಲ್ಲಿ ಕುಳಿತು ತರಕಾರಿ ಹೆಚ್ಚುವ ಕುಂಟ ಹುಡುಗರನ್ನು ನಾವಾದರೂ ಹಾಗೆ ಕೇಳಿದ್ದುಂಟೇ?

ಸವಾರಿಗೆ ಒಳ್ಳೆಯ ದಾರಿಯೂ ಈಗ ಇದೆ. ಹೊರವರ್ತುಲ ರಸ್ತೆಯ ಬದಿಯಲ್ಲಿ 2023ರಲ್ಲಿ ತೆರೆದ 23 ಕಿಲೋಮೀಟರಿನ ಸೈಕಲ್ ಪಥಕ್ಕೆ ಸೌರಫಲಕಗಳ ಚಾವಣಿಯುಂಟು. ಲಾರಿ, ಬಸ್ಸುಗಳ ಕಾಟವಿಲ್ಲ. ಆದರೆ ಅದಿರುವುದು ನಗರದ ಪಶ್ಚಿಮದ ಅಂಚಿನಲ್ಲಿ. ಕಾಚಿಗುಡದ ಕಡೆಯ ಬಡಹುಡುಗನು ಅಲ್ಲಿಗೆ ಸೈಕಲ್ಲನ್ನು ಸಾಗಿಸುವ ಬಗೆಯನ್ನು ಕಟ್ಟಿದವರು ಯೋಚಿಸಿದಂತೆ ಕಾಣದು.

ನಮ್ಮ ತರುಣನು ಒಮ್ಮೆ ಆ ತರಬೇತಿಯನ್ನು ಕಣ್ಣಾರೆ ನೋಡಬೇಕೆನ್ನುತ್ತಾನೆ. ಭಾನುವಾರ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು. ಅಂದು ರಜೆ ಸಿಗುವುದಿಲ್ಲ. ಮಂಗಳವಾರ ಬೆಳಗ್ಗೆ ಬಿಡುವರೇ ಎಂದು ಮಾಲೀಕರನ್ನು ಕೇಳುವ ಕೆಲಸವನ್ನು ನಾವು ಒಪ್ಪಿಕೊಂಡಿದ್ದೇವೆ.