ಸವೆದ ಸೊಂಟಕ್ಕೆ ದಾನದ ಮೂಳೆ

ಸೊಂಟದ ಕೀಲು ಬದಲಿಸಿ ವರ್ಷಗಳಾದ ಮೇಲೆ ಕೃತಕ ಬಟ್ಟಲು ಸಡಿಲವಾಗಿದೆ. ಸುತ್ತಲಿನ ಮೂಳೆಯೂ ಸವೆದುಹೋಗಿದೆ. ಹೊಸ ಬಟ್ಟಲು ಕೂರಿಸೋದು ಎಲ್ಲಿ?

ಇಲ್ಲಿ ನೆರವಿಗೆ ಬರುವುದು ದಾನದ ಮೂಳೆ. ಹೆಚ್ಚಾಗಿ ಅದು ಇನ್ನೊಬ್ಬ ರೋಗಿಯ ಕೀಲು ಬದಲಿಸುವಾಗ ಹೊರತೆಗೆದ ತೊಡೆಮೂಳೆಯ ತಲೆ. ಇಲ್ಲದಿದ್ದರೆ ಕಸಕ್ಕೆ ಹೋಗುತ್ತಿತ್ತು! ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಇದೆಯೇ ಎಂದು ಪರೀಕ್ಷಿಸಿ, ಮೂಳೆಯೊಳಗಿನ ಕೊಬ್ಬು, ಮಜ್ಜೆ ತೊಳೆದು, ಹಲವು ಕಡೆ ಗಾಮಾ ಕಿರಣವನ್ನೂ ಹಾಯಿಸುತ್ತಾರೆ.

ನೆದರ್‌ಲೆಂಡ್ಸ್‌ನ ನೈಮೇಗನ್‌ನಲ್ಲಿ ಸ್ಲೋಫ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಈ ಮೂಳೆಯನ್ನು ಚೂರು ಮಾಡಿ, ಸವೆದ ಗುಳಿಯೊಳಗೆ ಬಡಿದು ಬಡಿದು ಗಟ್ಟಿಮಾಡುತ್ತಾರೆ. ಮೇಲೆ ಸಿಮೆಂಟ್, ಆಮೇಲೆ ಬಟ್ಟಲು. ನಿಜವಾದ ಕುಶಲತೆ ಆ ಬಡಿತದಲ್ಲೇ ಇದೆ. ಚೂರುಗಳು ಸಡಿಲವಾಗಿದ್ದರೆ ಬಟ್ಟಲು ಮತ್ತೆ ಜರುಗುತ್ತದೆ.

ಸಂಸ್ಕರಿಸಿದ ಮೂಳೆಯಲ್ಲಿ ಜೀವಂತ ಕೋಶಗಳಿಲ್ಲ. ರೋಗಿಯ ರಕ್ತನಾಳಗಳು ಅದರೊಳಗೆ ಹಬ್ಬಿ, ನಿಧಾನವಾಗಿ ಅವರದೇ ಹೊಸ ಮೂಳೆ ಬೆಳೆಯುತ್ತದೆ. ಅದಕ್ಕೇ ಮೊದಲ ಕೆಲವು ವಾರ ವೈದ್ಯರು ಹೇಳಿದಷ್ಟೇ ಭಾರವನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಮೇಲೆ ಹಾಕಬೇಕು.